ಬೆಂಗಳೂರು ಬಿಟ್ಟು ಎಲ್ಲಿ ನೆಲೆಸಬೇಕು? ಊರು ಆರಿಸುವ ಮೊದಲು ಆ ಊರಿನ ಜುಲೈ ನೋಡಿ, ಮೇ ನೋಡಿ

ಮೈಸೂರು, ಧಾರವಾಡ, ಮಂಗಳೂರು, ಶಿರಸಿ: ಈ ನಾಲ್ಕರಲ್ಲಿ ಯಾವುದು ಅಂತ ಕೇಳಿದ್ದೀರಿ. ಮನೆಯಿಂದಲೇ ಕೆಲಸ, ಜೊತೆಗೆ ಎಪ್ಪತ್ತು ದಾಟಿದ ಅಪ್ಪ-ಅಮ್ಮ, ಕೈಯಲ್ಲಿ ಮನೆ ಕೊಳ್ಳುವಷ್ಟು ಹಣ. ಆರು ವರ್ಷದ ಹಿಂದೆ ನಾನು ನಿಂತಿದ್ದ ಜಾಗವೂ ಇದೇ. ನಾನು ಶಿರಸಿ ಆರಿಸಿಕೊಂಡೆ, ಅದು ತಪ್ಪಾಗಲಿಲ್ಲ. ಡಿಸೆಂಬರ್ ಎರಡನೇ ವಾರದಲ್ಲಿ ಮನೆ ನೋಡಿ ನಾಲ್ಕೇ ದಿನಕ್ಕೆ ಮುಂಗಡ ಕೊಟ್ಟೆನಲ್ಲ, ತಪ್ಪಾದದ್ದು ಅದು.

ಪೇಟೆಯಿಂದ 9 ಕಿ.ಮೀ. ದೂರದ ಹಳ್ಳಿ, 20 ಗುಂಟೆ ಜಾಗ, ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು. ಅಂಗಳದ ತುಂಬ ಅಡಿಕೆ ಒಣಗುತ್ತಿತ್ತು. ಬಾವಿಯಲ್ಲಿ 14 ಅಡಿ ನೀರು. ಡಿಸೆಂಬರಿನಲ್ಲಿ ಮಲೆನಾಡಿನ ಯಾವ ಮನೆಯೂ ಕೆಟ್ಟದಾಗಿ ಕಾಣುವುದಿಲ್ಲ. ಮಳೆ ನಿಂತು ಎರಡು ತಿಂಗಳಾಗಿರುತ್ತದೆ, ಗೋಡೆ ಒಣಗಿರುತ್ತದೆ, ಸುಣ್ಣ ಬಳಿದಿರುತ್ತಾರೆ, ಬಾವಿ ಇನ್ನೂ ತುಂಬಿರುತ್ತದೆ, ಮಣ್ಣಿನ ರಸ್ತೆ ಗಟ್ಟಿಯಾಗಿರುತ್ತದೆ. ಮಾರುವವರು ಸುಳ್ಳು ಹೇಳಬೇಕಾಗಿಯೇ ಇಲ್ಲ. ನಾನು ನೋಡಿದ್ದೆಲ್ಲ ನಿಜವೇ, ಆದರೆ ವರ್ಷದಲ್ಲಿ ಮೂರು ತಿಂಗಳಿಗೆ ಮಾತ್ರ.

ಈ ಒಂದು ವಿಷಯವನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಮನೆ ಕೊಳ್ಳುವಾಗ ಯಾರೂ ಇದನ್ನು ಬಿಡಿಸಿ ಹೇಳುವುದಿಲ್ಲ.

ಮೊದಲು ಬಾವಿ. ಕೆಂಪುಕಲ್ಲಿನ ನೆಲ ಜೇನುಗೂಡಿನ ಹಾಗೆ ತೂತು ತೂತು. ಮಳೆ ಬಿದ್ದರೆ ನೀರು ಸರಸರನೆ ಇಳಿದು ಜುಲೈಗೆ ಬಾವಿ ತುಂಬುತ್ತದೆ. ಆದರೆ ಇಳಿದ ನೀರು ಅಲ್ಲೇ ನಿಲ್ಲುವುದಿಲ್ಲ, ಅಷ್ಟೇ ಸಲೀಸಾಗಿ ಕಣಿವೆಯ ತೋಟದ ಕಡೆ ಜಾರಿ ಒರತೆಯಾಗಿ ಹೊರಡುತ್ತದೆ. ಮನೆ ದಿಬ್ಬದ ಮೇಲಿದ್ದರೆ ಬಾವಿ ಬೇಗ ಇಳಿಯುತ್ತದೆ, ಕೆಳಗೆ ತೋಟದಂಚಿನಲ್ಲಿದ್ದರೆ ನೀರು ಉಳಿಯುತ್ತದೆ. ನನ್ನದು ದಿಬ್ಬದ ಮನೆ. ಡಿಸೆಂಬರಿನ 14 ಅಡಿ ನೀರು ಏಪ್ರಿಲ್ ಕೊನೆಗೆ ಒಂದೂವರೆ ಅಡಿಗೆ ಬಂತು. ಆಳ ಮಾಡಿಸೋಣ ಅಂದರೆ ಕೆಂಪುಕಲ್ಲಿನ ಪದರ ಮುಗಿದ ಮೇಲೆ ಸಿಗುವುದು ಜೇಡಿ ಮಣ್ಣು. ಒದ್ದೆಯಾದರೆ ಅದು ಬದಿಯಿಂದ ಕುಸಿಯುತ್ತದೆ, ಸಿಮೆಂಟ್ ಬಳೆ ಇಳಿಸದೆ ಒಂದಡಿಯೂ ತೋಡಲು ಆಗುವುದಿಲ್ಲ. ಬೇಸಿಗೆಯಲ್ಲಿ ಆ ಕೆಲಸಕ್ಕೆ ಜನ ಸಿಗುವುದೂ ಕಷ್ಟ, ಎಲ್ಲರ ಬಾವಿ ಬತ್ತುವುದೂ ಆಗಲೇ.

ಹಾಗಾಗಿ ಬಾವಿ ನೋಡುವುದಾದರೆ ಮೇ ಮೊದಲ ಮೂರು ವಾರದಲ್ಲಿ ನೋಡಿ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಒದ್ದೆಯಾದ ಭಾಗವನ್ನು ಅಳೆಯಿರಿ. ಆಮೇಲೆ ಪಂಪ್ ಹಾಕಿ ಅರ್ಧ ತಾಸು ನೀರೆತ್ತಿಸಿ, ಮಟ್ಟ ಎಷ್ಟು ಇಳಿಯಿತು ಅಂತ ಗುರುತು ಹಾಕಿಕೊಳ್ಳಿ, ನಾಲ್ಕು ತಾಸು ಬಿಟ್ಟು ಮತ್ತೆ ಅಳೆಯಿರಿ. ಎಷ್ಟು ನೀರು ನಿಂತಿದೆ ಅನ್ನುವುದಕ್ಕಿಂತ ಎಷ್ಟು ಬೇಗ ಮರಳಿ ಬರುತ್ತದೆ ಅನ್ನುವುದೇ ಮುಖ್ಯ. ಒಬ್ಬರಿಗೆ ದಿನಕ್ಕೆ 135 ಲೀಟರ್ ಲೆಕ್ಕ ಹಿಡಿಯಿರಿ. ನಾಲ್ಕು ಜನರಿಗೆ 540. ಮೇ ತಿಂಗಳಲ್ಲಿ ದಿನಕ್ಕೆ ಅಷ್ಟು ನೀರು ಒಸರದ ಬಾವಿ ಬಾವಿಯಲ್ಲ. ಪಕ್ಕದ ಮನೆಯವರನ್ನು "ನಿಮ್ಮ ಬಾವಿ ಬತ್ತುತ್ತದಾ?" ಅಂತ ಕೇಳಬೇಡಿ, ಇಲ್ಲ ಅನ್ನುತ್ತಾರೆ. "ಹೋದ ಮೇನಲ್ಲಿ ಟ್ಯಾಂಕರ್ ತರಿಸಿದ್ದರಾ?" ಅಂತ ಕೇಳಿ.

ಇನ್ನು ಗೋಡೆ. ಮಳೆಗಾಲದ ಗಾಳಿ ಬೀಸುವುದು ಪಶ್ಚಿಮ, ನೈಋತ್ಯದಿಂದ. ಹನಿ ನೆಟ್ಟಗೆ ಬೀಳುವುದಿಲ್ಲ, ಓರೆಯಾಗಿ ಬಂದು ಗೋಡೆಗೆ ಬಡಿಯುತ್ತದೆ. ಕೆಂಪುಕಲ್ಲು ಅದನ್ನು ಹೀರಿ ಒಳಮೈಗೆ ತರುತ್ತದೆ. ಜುಲೈ ಮೊದಲ ವಾರ ಆರಿದ್ರಾ ಮಳೆ ಮುಗಿಯುವಷ್ಟರಲ್ಲಿ ನಮ್ಮ ಮಲಗುವ ಕೋಣೆಯ ಪಶ್ಚಿಮದ ಗೋಡೆ ಕೈಯಿಟ್ಟರೆ ತಣ್ಣಗೆ ಅಂಟುತ್ತಿತ್ತು. ಜುಲೈ ಕೊನೆಯ ಪುಷ್ಯ ಮಳೆಗೆ ಕಪಾಟಿನ ಬಟ್ಟೆ, ಚಪ್ಪಲಿ, ಪುಸ್ತಕದ ಬೆನ್ನು, ಕೊನೆಗೆ ಅಪ್ಪನ ಔಷಧಿಯ ಪೆಟ್ಟಿಗೆಗೂ ಬೂಷ್ಟು ಹಿಡಿಯಿತು. ಹೊರಗೆ ದುಬಾರಿ ಬಣ್ಣ ಬಳಿಸಿದೆ. ಪ್ರಯೋಜನವಾಗಲಿಲ್ಲ, ಯಾಕೆಂದರೆ ಸೂರು ಚಿಕ್ಕದಿತ್ತು. ಅಲ್ಲಿಯ ಹಳೆಯ ಮನೆಗಳನ್ನು ಗಮನಿಸಿ: ಪಶ್ಚಿಮಕ್ಕೆ ಸೂರು ಮೂರಡಿಗಿಂತ ಹೆಚ್ಚು ಚಾಚಿರುತ್ತದೆ, ಇಲ್ಲವೇ ಆ ಬದಿಗೆ ಕೊಟ್ಟಿಗೆಯೋ ಕಟ್ಟಿಗೆಮನೆಯೋ ಇರುತ್ತದೆ. ಎರಡೂ ಇಲ್ಲದಿದ್ದರೆ ಮೃಗಶಿರ ಹಿಡಿಯುವ ಮೊದಲು, ಅಂದರೆ ಜೂನ್ ಮೊದಲ ವಾರಕ್ಕೆ, ಅಡಿಕೆ ಸೋಗೆಯ ತಟ್ಟಿ ಕಟ್ಟಿ ಗೋಡೆ ಮುಚ್ಚುತ್ತಾರೆ. ನಾನು ಕೊಂಡ ಮನೆಯ ಪಶ್ಚಿಮ ಗೋಡೆಯಲ್ಲಿ ತಟ್ಟಿ ಕಟ್ಟುವ ಗೂಟಗಳು ಹಾಗೇ ಇದ್ದವು. ಬಟ್ಟೆ ಒಣಗಿಸಲು ಅಂದುಕೊಂಡಿದ್ದೆ.

ಮೂರನೆಯದು ಕರೆಂಟು. ಇದು ನಿಮ್ಮ ಕೆಲಸಕ್ಕೆ ನೇರವಾಗಿ ಹೊಡೆಯುತ್ತದೆ. 12 ವೋಲ್ಟ್, 150 ಎ.ಎಚ್. (ಆಂಪಿಯರ್-ಅವರ್) ಬ್ಯಾಟರಿ ಅಂದರೆ ಕಾಗದದ ಮೇಲೆ 1,800 ವ್ಯಾಟ್-ಅವರ್. ಪೂರ್ತಿ ಬರಿದು ಮಾಡಬಾರದು, ಇನ್ವರ್ಟರ್ ತಾನೂ ಸ್ವಲ್ಪ ತಿನ್ನುತ್ತದೆ, ಹಾಗಾಗಿ ಕೈಗೆ ಸಿಗುವುದು 1,200ರ ಆಸುಪಾಸು. ಲ್ಯಾಪ್‌ಟಾಪ್ 50, ರೂಟರ್ ಮತ್ತು ಫೈಬರ್ ಡಬ್ಬಿ ಸೇರಿ 20, ಕಡಿಮೆ ಕರೆಂಟು ತಿನ್ನುವ ಬಿಎಲ್‌ಡಿಸಿ ಫ್ಯಾನ್ ಎರಡಕ್ಕೆ 60, ದೀಪಗಳಿಗೆ 25, ಒಟ್ಟು 155 ವ್ಯಾಟ್. ಏಳೂವರೆ ತಾಸು ನಡೆದೀತು. ಬೆಂಗಳೂರಿಗೆ ಅದು ಧಾರಾಳ. ಕಾಡಿನ ನಡುವೆ ತಂತಿ ಹಾದುಹೋಗುವ ಹಳ್ಳಿಯಲ್ಲಿ ಮರ ಬಿದ್ದರೆ ಎರಡು ದಿನ ಕರೆಂಟು ಬರುವುದಿಲ್ಲ. ಎರಡು ಬ್ಯಾಟರಿಯ 24 ವೋಲ್ಟ್ ಇನ್ವರ್ಟರ್ ಹಾಕಿಸಿದರೂ 1 ಎಚ್‌ಪಿ ಬಾವಿ ಪಂಪನ್ನು ಅದರ ಮೇಲೆ ನೆಚ್ಚಬೇಡಿ, ಶುರುವಾಗುವಾಗ ಅದು ಎಳೆಯುವ ಕರೆಂಟು ಹಲವು ಪಟ್ಟು ಹೆಚ್ಚು. ಮೇಲೆ 1,000 ಲೀಟರ್ ಟ್ಯಾಂಕ್ ಇರಲಿ, ಕರೆಂಟು ಇದ್ದಾಗಲೆಲ್ಲ ತುಂಬಿಸಿಡಿ. ಮನೆಯ ಬ್ಯಾಟರಿ ಎಷ್ಟೇ ದೊಡ್ಡದಿರಲಿ, ದಾರಿಯಲ್ಲಿರುವ ಕೇಬಲ್‌ನವರ ಡಬ್ಬಿಗೆ ಕರೆಂಟಿಲ್ಲದಿದ್ದರೆ ಇಂಟರ್ನೆಟ್ ಇಲ್ಲ. "ವೇಗ ಎಷ್ಟು" ಅನ್ನುವುದನ್ನು ಬಿಟ್ಟು "ಜುಲೈನಲ್ಲಿ ಎಷ್ಟು ದಿನ ಬಂದ್ ಇತ್ತು" ಅಂತ ಆ ಬೀದಿಯಲ್ಲಿ ಈಗಾಗಲೇ ಸಂಪರ್ಕ ಇರುವವರನ್ನೇ ಕೇಳಿ.

ಮೂರು ಮಳೆಗಾಲ ಕಳೆದು ಆ ಮನೆ ಮಾರಿದೆ. ರಿಪೇರಿ, ಬಾವಿಯ ಬಳೆ, ನೋಂದಣಿ ಖರ್ಚು ಯಾವುದೂ ವಾಪಸ್ ಬರಲಿಲ್ಲ. ಈಗ ಶಿರಸಿ ಪೇಟೆಯಲ್ಲೇ, ಬಸ್‌ಸ್ಟ್ಯಾಂಡಿನಿಂದ ನಡೆದು ಹೋಗುವ ದೂರದಲ್ಲಿದ್ದೇವೆ. ಅದೇ ಊರು, ಅದೇ ಮಳೆ, ಅದೇ ಜನ. ಅಮ್ಮ ಸಂಜೆ ಮಾರಿಕಾಂಬೆಯ ಗುಡಿಗೆ ತಾನೇ ಹೋಗಿ ಬರುತ್ತಾಳೆ. ಬದಲಾಗಿದ್ದು 9 ಕಿಲೋಮೀಟರ್ ಅಷ್ಟೇ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. "ಯಾವ ಊರು" ಅಂತ ಕೇಳಿದರೆ ಯಾರಿಂದಲೂ ಸರಿಯಾದ ಉತ್ತರ ಬರುವುದಿಲ್ಲ. ಒಂದೇ ಶಿರಸಿ ತಾಲ್ಲೂಕಿನಲ್ಲಿ ಪಶ್ಚಿಮಕ್ಕೆ ದೇವಿಮನೆ ಘಟ್ಟದ ಕಡೆ ಸುರಿಯುವ ಮಳೆಗೂ ಪೂರ್ವಕ್ಕೆ ಬನವಾಸಿ ಕಡೆಯ ಮಳೆಗೂ ಹೋಲಿಕೆಯೇ ಇಲ್ಲ. ಅಲ್ಲಿ ಅಡಿಕೆ ತೋಟ, ದಟ್ಟ ಕಾಡು; ಇಲ್ಲಿ ಭತ್ತದ ಗದ್ದೆ, ಅನಾನಸ್. ನೀವು ಬದುಕುವುದು ಒಂದು ಬೀದಿಯಲ್ಲಿ, ಒಂದು ನೀರಿನ ಮೂಲದ ಮೇಲೆ, ಒಂದು ಆಸ್ಪತ್ರೆಯಿಂದ ಇಷ್ಟು ನಿಮಿಷದ ದೂರದಲ್ಲಿ.

ಆ ನಿಮಿಷಗಳ ಲೆಕ್ಕವನ್ನು ನಿಮ್ಮ ಅಪ್ಪ-ಅಮ್ಮನಿಗಾಗಿ ಮೊದಲು ಹಾಕಿ. ಪಾರ್ಶ್ವವಾಯು ಬಡಿದಾಗ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವ ಅವಧಿ ನಾಲ್ಕೂವರೆ ಗಂಟೆ, ಅದರೊಳಗೆ ಸ್ಕ್ಯಾನ್ ಕೂಡ ಆಗಬೇಕು. ಶಿರಸಿಯಿಂದ ದೊಡ್ಡ ಆಸ್ಪತ್ರೆಗಳಿರುವ ಹುಬ್ಬಳ್ಳಿಗೆ ಸುಮಾರು 100 ಕಿ.ಮೀ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಉತ್ತರ ಕನ್ನಡದವರು ವರ್ಷಗಟ್ಟಲೆ ಕೂಗುತ್ತಿರುವುದು ಇದಕ್ಕೇ. ಕರಾವಳಿಯ ಕಡೆ ಇಳಿಯೋಣ ಅಂದರೆ ಘಟ್ಟದ ದಾರಿ ಮಳೆಗಾಲದಲ್ಲಿ ನಂಬುವ ಹಾಗಿಲ್ಲ, ಕೆಳಗಿನ ಕರಾವಳಿ ಹೆದ್ದಾರಿಯೂ ಅಷ್ಟೇ; 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಮುಚ್ಚಿತ್ತು. ನಿಮ್ಮ ತಂದೆಗೆ ಹೃದಯದ ತೊಂದರೆ ಈಗಾಗಲೇ ಇದ್ದರೆ ಶಿರಸಿ ಬೇಡ ಅಂತ ನೇರವಾಗಿ ಹೇಳುತ್ತೇನೆ, ನನಗೆ ಈ ಊರು ಎಷ್ಟೇ ಇಷ್ಟವಿದ್ದರೂ. ಆಗ ಮೈಸೂರು ಆರಿಸಿ.

ಮೈಸೂರಿನ ಹವೆ ಬಗ್ಗೆ ಹೆದರುವಂಥದ್ದೇನಿಲ್ಲ, ಮಳೆ ವರ್ಷಕ್ಕೆ 800 ಮಿ.ಮೀ. ಆಸುಪಾಸು. ಅಲ್ಲಿ ನೋಡಬೇಕಾದ್ದು ಬಡಾವಣೆಯ ನೀರು. ರಿಂಗ್ ರಸ್ತೆಯ ಆಚೆಯ ಖಾಸಗಿ ಬಡಾವಣೆಗಳಲ್ಲಿ "ಕಾವೇರಿ ಬರುತ್ತೆ" ಅಂದರೆ ನಂಬಬೇಡಿ, ಪಕ್ಕದ ಮನೆಯ ನೀರಿನ ಬಿಲ್ ತೋರಿಸಲು ಹೇಳಿ. ಬಿಲ್ ಇಲ್ಲ ಅಂದರೆ ಅದು ಕೊಳವೆಬಾವಿಯ ನೀರು. ನೀರಲ್ಲಿ ಕರಗಿರುವ ಲವಣ ಅಳೆಯುವ ಟಿಡಿಎಸ್ ಮೀಟರ್ ಜೇಬಿನಲ್ಲಿಟ್ಟುಕೊಂಡು ಹೋಗಿ. ಲೀಟರಿಗೆ 500 ಮಿ.ಗ್ರಾಂ ಒಳಗಿದ್ದರೆ ಒಳ್ಳೆಯದು, 1,000 ದಾಟಿದರೆ ಗೀಸರ್, ನಲ್ಲಿಗಳು ಸುಣ್ಣಗಟ್ಟುತ್ತವೆ. ಫ್ಲೋರೈಡನ್ನು ಆ ಮೀಟರ್ ತೋರಿಸುವುದಿಲ್ಲ, ಅದಕ್ಕೆ ಲ್ಯಾಬಿಗೇ ಕೊಡಬೇಕು; 1.5 ಮಿ.ಗ್ರಾಂ ಮೀರಿದ ನೀರು ಕುಡಿಯಲು ಬೇಡ.

ಧಾರವಾಡದ ಪ್ರಶ್ನೆಯೂ ನೀರೇ. ಮಲಪ್ರಭೆಯ ನೀರು ಸವದತ್ತಿಯಿಂದ ಬರುತ್ತದೆ, ಕೆಲವು ವಾರ್ಡಿಗೆ ದಿನವಿಡೀ, ಹಲವಕ್ಕೆ ದಿನಗಳ ಅಂತರದಲ್ಲಿ. ವಾರ್ಡ್ ಗೊತ್ತಾಗದೆ ಸಂಪ್ ಅಳತೆ ಹೇಳಲಾಗದು. ಎಂಟು ದಿನಕ್ಕೊಮ್ಮೆ ಬರುವ ಕಡೆ ನಾಲ್ಕು ಜನಕ್ಕೆ 4,320 ಲೀಟರ್ ಬೇಕು, ಒಂದು ಸರದಿ ತಪ್ಪಿದರೂ ನಡೆಯಬೇಕೆಂದರೆ 9,000ದ ಸಂಪ್ ಕಟ್ಟಿಸಿ. ಹುಬ್ಬಳ್ಳಿ ಕಡೆಯ ಎರೆ ನೆಲದಲ್ಲಾದರೆ ಬೇಸಿಗೆಯಲ್ಲಿ ನೆಲ ಬಿರಿದು ಮಳೆಯಲ್ಲಿ ಉಬ್ಬುತ್ತದೆ, ಬುನಾದಿ ಆ ಪದರ ದಾಟಿ ಕೆಳಗೆ ಹೋಗದಿದ್ದರೆ ಗೋಡೆ ಓರೆಯಾಗಿ ಸೀಳುತ್ತದೆ. ಮಂಗಳೂರಿಗೆ ಕೆಟ್ಟ ತಿಂಗಳು ಮೇ: ಬೆವರು ಆರುವುದಿಲ್ಲ, ತುಂಬೆ ಅಣೆಕಟ್ಟಿನ ನೀರು ಇಳಿದರೆ ಸರದಿ ಪ್ರಕಾರ ಬಿಡುತ್ತಾರೆ, 2019ರಲ್ಲಿ ಹಾಗೇ ಆಯಿತು. ಗುಡ್ಡ ಕಡಿದು ಸಮತಟ್ಟು ಮಾಡಿದ ಸೈಟಾದರೆ ತಡೆಗೋಡೆಯಲ್ಲಿ ನೀರು ಹೊರಹೋಗುವ ತೂತುಗಳಿವೆಯೇ ನೋಡಿ. ಇಲ್ಲದಿದ್ದರೆ ಹಿಂದೆ ನೀರು ತುಂಬಿ ಗೋಡೆಯೇ ಕುಸಿದು ಬರುತ್ತದೆ.

ಇಷ್ಟಾದ ಮೇಲೂ ಶಿರಸಿಯ ಹಳ್ಳಿಯೇ ಬೇಕು ಅಂದರೆ, ಕಾಗದದ ವಿಷಯದಲ್ಲಿ ಎರಡು ಮಾತು. ಮನೆಯ ಹಿಂದಿನ ಬೆಟ್ಟ ತೋರಿಸಿ "ಇದೂ ನಮ್ಮದೇ" ಅನ್ನುತ್ತಾರೆ. ಅದು ಸೊಪ್ಪಿನ ಬೆಟ್ಟ. ಅಡಿಕೆ ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರುವ ಹಕ್ಕು ಮಾತ್ರ, ನೆಲ ಸರ್ಕಾರದ್ದು, ಅಲ್ಲಿ ಏನೂ ಕಟ್ಟುವಂತಿಲ್ಲ. ಪಂಚಾಯ್ತಿ ವ್ಯಾಪ್ತಿಯ ಮನೆಗೆ ಇ-ಸ್ವತ್ತಿನ (ಪಂಚಾಯ್ತಿ ಆಸ್ತಿಯ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ ಕೇಳಿ. ನಿಯಮದಂತೆ ಅನುಮೋದನೆ ಆಗದ ಆಸ್ತಿಗೆ ಕೊಡುವ 11ಬಿ ಇದ್ದರೆ ವಕೀಲರಿಗೆ ತೋರಿಸದೆ ಮುಂಗಡ ಕೊಡಬೇಡಿ. ಮನೆಗೆ ಹೋಗುವ ದಾರಿ ಬೇರೆಯವರ ತೋಟದಲ್ಲಿ ಹಾದಿದ್ದರೆ ಆ ದಾರಿಯ ಹಕ್ಕು ಕ್ರಯಪತ್ರದಲ್ಲಿ ಅಗಲದ ಸಮೇತ ಬರೆದಿರಬೇಕು. ಇನ್ನೊಂದು, ಕಾಡಂಚಿನ ಮನೆಯಾದರೆ ಮಂಗನ ಕಾಯಿಲೆ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದದ್ದು, ಡಿಸೆಂಬರಿನಿಂದ ಮೇವರೆಗೆ ಉಣುಗಿನಿಂದ ಹರಡುತ್ತದೆ. ಆ ತಿಂಗಳುಗಳಲ್ಲಿ ಸೊಪ್ಪು, ದರಕು ತರಲು ಹೋಗುವ ಮೊದಲು ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಕೈಕಾಲಿಗೆ ಹಚ್ಚಿಕೊಳ್ಳಬೇಕು, ಮಂಗ ಸತ್ತುಬಿದ್ದದ್ದು ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಯಾವ ಊರಾದರೂ ಸರಿ, ಮನೆ ಕೊಳ್ಳುವ ಹಣವನ್ನು ಒಂದು ವರ್ಷ ಬ್ಯಾಂಕಿನಲ್ಲೇ ಇಟ್ಟು ಬಾಡಿಗೆಗೆ ಹೋಗಿ. ನೀವು ಕೊಳ್ಳಬೇಕೆಂದಿರುವ ಬೀದಿಯಲ್ಲೇ ಹೋಗಿ, ಇನ್ನೊಂದು ತುದಿಯಲ್ಲಲ್ಲ. ಕರಾರು ಹೇಗಿದ್ದರೂ 11 ತಿಂಗಳಿಗೆ ಬರೆಯುತ್ತಾರೆ. ಅದು ಮೇ 1ಕ್ಕೆ ಶುರುವಾಗುವ ಹಾಗೆ ನೋಡಿಕೊಳ್ಳಿ: ಮೊದಲ ತಿಂಗಳೇ ಬಾವಿಯ ತಳ ಕಾಣುತ್ತದೆ, ಆಮೇಲೆ ನಾಲ್ಕು ತಿಂಗಳ ಮಳೆ, ಮಾರ್ಚ್ ಕೊನೆಗೆ ಕರಾರು ಮುಗಿಯುವಾಗ ಕೊಳ್ಳುವುದೋ ಬಿಡುವುದೋ ಗೊತ್ತಾಗಿರುತ್ತದೆ. ಮನೆ ಸಿಗುವುದಕ್ಕೂ ಅದೇ ಒಳ್ಳೆಯ ಹೊತ್ತು, ಮಕ್ಕಳ ಪರೀಕ್ಷೆ ಮುಗಿದು ಬೇರೆ ಊರಿಗೆ ಹೋಗುವವರು ಏಪ್ರಿಲ್‌ನಲ್ಲೇ ಮನೆ ಬಿಡುತ್ತಾರೆ. ಫೆಬ್ರುವರಿಯಿಂದಲೇ ಹುಡುಕಲು ಶುರು ಮಾಡಿ.