ಜರ್ಮನಿಗೆ ಮೊದಲ ಸಲ ಹೊರಟವರಿಗೆ

ಪ್ರಶ್ನೆ: ವಸಂತನರಸಾಪುರದ ಫ್ಯಾಕ್ಟರೀಲಿ ಕೆಲಸ ನಂದು, ಜನವರೀಲಿ ಮಷಿನ್ ಟ್ರೈನಿಂಗ್‌ಗೆ ಮೂರು ವಾರ ಜರ್ಮನಿಗೆ ಕಳಿಸ್ತಿದಾರೆ, ಇಂಗ್ಲಿಷ್ ಅಷ್ಟಕ್ಕಷ್ಟೆ. ನೀವು ಹೋದಾಗ ಹೆಂಗನ್ನಿಸ್ತು?
– ಓದುಗ, ತುಮಕೂರು

ಉತ್ತರ: ಭಯ ಬೇಡ. ಇಂಗ್ಲಿಷ್ ಅವರಿಗೂ ಕಲಿತ ಭಾಷೆನೇ, ನೀವು ನಿಧಾನ ಮಾತಾಡಿದ್ರೆ ಅವರೂ ನಿಧಾನವಾಗೇ ಹೇಳ್ತಾರೆ. ನಂಗೆ ಮೊದಲು ತಟ್ಟಿದ್ದು ಟೈಮು, ಎಂಟಕ್ಕೆ ಮೀಟಿಂಗ್ ಅಂದ್ರೆ ಐದು ನಿಮಿಷ ಮುಂಚೆನೇ ಎಲ್ಲ ಕೂತಿದ್ರು, ನಾನು ಎಂಟೂ ಹತ್ತಕ್ಕೆ ಬಾಗಿಲು ತೆಗೆದಾಗ ಆದ ಸಂಕೋಚ ಇನ್ನೂ ಮರೆತಿಲ್ಲ. ಮಧ್ಯಾಹ್ನ ಕಾರಿಡಾರಲ್ಲಿ ಎದುರಾದವರೆಲ್ಲ ‘ಮಾಲ್‌ತ್ಸೈಟ್’ ಅಂತಿದ್ರು, ಊಟದ ಹೊತ್ತಿನ ನಮಸ್ಕಾರ ಅದು, ನಮ್ಮಲ್ಲಿ ‘ಊಟ ಆಯ್ತಾ’ ಅಂತೀವಲ್ಲ ಹಂಗೆ, ಗೊತ್ತಾದ ದಿನ ಊರು ನೆನಪಾಗಿ ಗಂಟಲು ಕಟ್ತು ನೋಡಿ.

ಭಾನುವಾರ ಅಂಗಡಿಗಳು ಮುಚ್ಚಿರುತ್ತೆ, ದೊಡ್ಡ ರೈಲ್ವೆ ಸ್ಟೇಷನ್ ಒಳಗಿನವು ಬಿಟ್ರೆ, ಹಾಗಾಗಿ ಶನಿವಾರವೇ ಬ್ರೆಡ್ಡು ಹಣ್ಣು ತಂದಿಡಿ. ನೀರಿನ ಪ್ಲಾಸ್ಟಿಕ್ ಬಾಟ್ಲಿಗೆ 25 ಸೆಂಟ್ ಡೆಪಾಸಿಟ್ ಇರುತ್ತೆ, ಎಸೀಬೇಡಿ, ಸೂಪರ್‌ಮಾರ್ಕೆಟ್ ಮಷಿನ್‌ಗೆ ಹಾಕಿದ್ರೆ ಚೀಟಿ ಬರುತ್ತೆ, ಬಿಲ್ಲಲ್ಲಿ ಕಳೀತಾರೆ. ಜನವರೀಲಿ ಅವರ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಅಲ್ಲಿ ಸಂಜೆ 4ಕ್ಕೆ ಫೋನ್ ಮಾಡಿದ್ರೆ ಮನೇಲಿ ರಾತ್ರಿ 8:30, ಎಲ್ಲ ಊಟಕ್ಕೆ ಕೂತಿರ್ತಾರೆ. ಚಟ್ನಿಪುಡಿ ಕಟ್ಟಿಸ್ಕೊಳ್ಳಿ, ತುಪ್ಪ ಬೇಡ, ಹಾಲಿನ ಪದಾರ್ಥ ಒಳಗೆ ಬಿಡಲ್ಲ.