ಓದುಗರ ಪ್ರಶ್ನೆ: ದಶಾಜ್ಞೆಗಳು ನಿತ್ಯಪ್ರಾರ್ಥನೆಯಿಂದ ಹೊರಗುಳಿದದ್ದೇಕೆ?

ಪ್ರಶ್ನೆ: ಮೇಡಂ, ಕಳೆದ ತಿಂಗಳು ಮನೆಯವರೆಲ್ಲ ಕೊಚ್ಚಿಗೆ ಹೋಗಿ ಮಟ್ಟಾಂಚೇರಿಯ ಪರದೇಸಿ ಸಿನಗಾಗ್ ನೋಡಿ ಬಂದೆವು. ಅಲ್ಲಿ ಜೊತೆಯಾದ ಪ್ರವಾಸಿಯೊಬ್ಬರು, ಯಹೂದಿಗಳ ನಿತ್ಯಪ್ರಾರ್ಥನೆಯಲ್ಲಿ ದಶಾಜ್ಞೆಗಳೇ ಇಲ್ಲ, ಯಾರೋ ವಾದ ಹೂಡಿದರೆಂದು ಬಿಟ್ಟುಬಿಟ್ಟರು ಎಂದರು. ಇದು ನಿಜವೇ? ಎದುರಾಳಿಗೆ ಹೆದರಿ ದೇವರ ಮಾತನ್ನು ಕೈಬಿಡುವುದುಂಟೇ?
– ಓದುಗರೊಬ್ಬರು, ಮಲ್ಲೇಶ್ವರ

ಉತ್ತರ: ಅವರು ಹೇಳಿದ್ದು ನಿಜ. ಜೆರುಸಲೇಮಿನ ದೇವಾಲಯದಲ್ಲಿ ಪುರೋಹಿತರು ದಿನವೂ ಬೆಳಿಗ್ಗೆ ಮೊದಲು ದಶಾಜ್ಞೆಗಳನ್ನೂ ಅದರ ಬೆನ್ನಿಗೇ ‘ಇಸ್ರಾಯೇಲೇ, ಕೇಳು’ ಎಂದು ಆರಂಭವಾಗುವ ಶೆಮಾ ಎಂಬ ಪಠಣವನ್ನೂ ಹೇಳುತ್ತಿದ್ದರೆಂದು ಯಹೂದಿ ನಿಯಮಗಳ ಹಳೆಯ ಸಂಗ್ರಹವಾದ ಮಿಶ್ನಾ ತಿಳಿಸುತ್ತದೆ. ಈಜಿಪ್ಟಿನಲ್ಲಿ ಸಿಕ್ಕಿ, ಈಗ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿರುವ ನ್ಯಾಶ್ ಪಪೈರಸ್ ಎಂಬ ಹರಕು ಹಾಳೆಯೊಂದಿದೆ. ಅದು ಕ್ರಿ.ಪೂ. 2ನೆಯ ಶತಮಾನದ್ದೆಂದು ಬಹಳಷ್ಟು ವಿದ್ವಾಂಸರ ಅಭಿಪ್ರಾಯ. ಅದರಲ್ಲಿಯೂ ಇದೇ ಜೋಡಿ, ಇದೇ ಕ್ರಮ: ಮೊದಲು ದಶಾಜ್ಞೆ, ಅದು ಮುಗಿದೊಡನೆ ಶೆಮಾದ ಮೊದಲ ಸಾಲುಗಳು.

ಇಂದು ಶೆಮಾ ದಿನಕ್ಕೆರಡು ಬಾರಿ ಉಳಿದಿದೆ, ಅದರ ಜೋಡಿ ಹೋಗಿದೆ. ‘ಸೀನಾಯಿ ಬೆಟ್ಟದ ಮೇಲೆ ಮೋಶೆಗೆ ದೇವರು ಕೊಟ್ಟದ್ದು ಈ ಹತ್ತು ಮಾತ್ರ, ಉಳಿದ ನಿಯಮಗಳೆಲ್ಲ ದೇವರಿಂದ ಬಂದವಲ್ಲ’ ಎಂದು ವಾದಿಸುವ ಪಂಥದವರಿದ್ದರು. ದಿನವೂ ಈ ಹತ್ತನ್ನೇ ಎತ್ತಿ ಹೇಳಿದರೆ ಆ ವಾದಕ್ಕೆ ನಾವೇ ಸಾಕ್ಷಿ ನುಡಿದಂತಾಗುತ್ತದೆ ಎಂದು ಯಹೂದಿ ಧರ್ಮಗುರುಗಳಾದ ರಬ್ಬಿಗಳು ನಿಲ್ಲಿಸಿದರು. ಬಾಬಿಲೋನಿಯದ ಸೂರಾ ಮತ್ತು ನೆಹರ್ದೆಯಾ ಊರುಗಳಲ್ಲಿ ಮತ್ತೆ ಸೇರಿಸುವ ಪ್ರಯತ್ನವಾಯಿತು. ಇದೇ ಕಾರಣ ಹೇಳಿ ಅದನ್ನೂ ತಡೆದರೆಂದು, ಮಿಶ್ನಾದ ಮೇಲೆ ರಬ್ಬಿಗಳು ನಡೆಸಿದ ಚರ್ಚೆಗಳ ಗ್ರಂಥವಾದ ಟಾಲ್ಮುಡ್ ದಾಖಲಿಸುತ್ತದೆ. ಮತ್ತೆ ಬೇಕೆಂದು ಕೇಳಿದ್ದರೆಂದರೆ, ಬಿಟ್ಟದ್ದರ ನೋವು ಜನರಲ್ಲಿತ್ತು ಎಂದೇ ನಾನು ತಿಳಿಯುತ್ತೇನೆ.

ಆದರೆ ಇದನ್ನು ಹೆದರಿಕೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ನನ್ನ ತಂದೆ ದಿನವೂ ಸಂಧ್ಯಾವಂದನೆಗೆ ಕುಳಿತು ಸಂಕಲ್ಪ ಹೇಳುವಾಗ ‘ಶಾಲಿವಾಹನ ಶಕೇ, ಬೌದ್ಧಾವತಾರೇ’ ಎನ್ನುತ್ತಿದ್ದರು. ಬಾಗಿಲ ಬಳಿ ಹೂ ಕಟ್ಟುತ್ತಾ ಕುಳಿತಿರುತ್ತಿದ್ದ ನನಗೆ, ನಮ್ಮ ಮನೆಯ ಪಂಚಪಾತ್ರೆಯ ಪಕ್ಕಕ್ಕೆ ಬುದ್ಧ ಹೇಗೆ ಬಂದ ಎಂಬ ಅಚ್ಚರಿ. ಅವನ ಅನುಯಾಯಿಗಳೊಂದಿಗೆ ಶತಮಾನಗಟ್ಟಲೆ ವಾದ ನಡೆಸಿದ ಪರಂಪರೆಯೇ ಅವನನ್ನು ವಿಷ್ಣುವಿನ ಅವತಾರವೆಂದು ಒಳಗೆ ಕರೆದುಕೊಂಡಿತೆಂದು ಇತಿಹಾಸದ ತರಗತಿಗೆ ಹೋದ ಮೇಲೆ ತಿಳಿಯಿತು. ತಂದೆಗೆ ಆ ವಾದ ಗೊತ್ತಿರಲಿಲ್ಲ, ಮಾತು ಮಾತ್ರ ನಾಲಗೆಯ ಮೇಲಿತ್ತು. ಅಂದಿನಿಂದ ನಾನು ಯಾವ ಧರ್ಮದ ಪ್ರಾರ್ಥನೆಯನ್ನು ಓದಿದರೂ ಇದು ಯಾರಿಗೆ ಕೊಟ್ಟ ಉತ್ತರ ಎಂದು ಹುಡುಕುತ್ತೇನೆ.

ಹಾಗೆ ಹುಡುಕಿದಾಗ ಸಿಕ್ಕವುಗಳಲ್ಲಿ ನನಗೆ ತೀರಾ ಇಷ್ಟವಾದದ್ದು ಸಬ್ಬತ್ತಿನ, ಎಂದರೆ ಶುಕ್ರವಾರ ಸಂಜೆ ಆರಂಭವಾಗುವ ಯಹೂದಿಗಳ ವಾರದ ವಿಶ್ರಾಂತಿ ದಿನದ, ದೀಪ. ನಲವತ್ತು ವರ್ಷಗಳ ಹಿಂದೆ ದಂಡು ಪ್ರದೇಶದ ಶಾಲೆಯೊಂದರಲ್ಲಿ ನನ್ನೊಂದಿಗೆ ಕೊಂಕಣ ಮೂಲದ ಬೆನೆ ಇಸ್ರೇಲ್ ಎಂಬ ಯಹೂದಿ ಸಮುದಾಯದ ಅಧ್ಯಾಪಕಿಯೊಬ್ಬರಿದ್ದರು. ಒಂದು ಶುಕ್ರವಾರ ಸಂಜೆ ಫ್ರೇಜರ್ ಟೌನಿನ ತಮ್ಮ ಮನೆಗೆ ಕರೆದೊಯ್ದರು. ಗಾಜಿನ ಲೋಟದಲ್ಲಿ ನೀರು, ಮೇಲೆ ಎಣ್ಣೆ, ನಡುವೆ ಬತ್ತಿ. ಸೂರ್ಯ ಮುಳುಗುವ ಮೊದಲೇ ಹಚ್ಚಿದರು. ಹಚ್ಚಿದ ಮೇಲೆ ಎರಡೂ ಅಂಗೈಗಳಿಂದ ಕಣ್ಣು ಮುಚ್ಚಿಕೊಂಡು ಸ್ತುತಿ ಹೇಳಿದರು. ಹಚ್ಚುವ ಮೊದಲೇ ಏಕೆ ಹೇಳಲಿಲ್ಲವೆಂದು ಕೇಳಿದೆ. ಸ್ತುತಿ ಹೇಳಿದೊಡನೆ ನಮಗೆ ಸಬ್ಬತ್ ಬಂದಂತೆ, ಆಮೇಲೆ ಕಡ್ಡಿ ಗೀರುವ ಹಾಗಿಲ್ಲ, ಅದಕ್ಕೇ ಕಣ್ಣು ಮುಚ್ಚಿ, ತೆರೆದಾಗ ಆ ಬೆಳಕನ್ನು ಹೊಸದಾಗಿ ಕಾಣುತ್ತೇವೆ ಎಂದರು.

ಈ ದೀಪದ ಹಿಂದೆ ದೊಡ್ಡ ಜಗಳವಿದೆ. ಸಬ್ಬತ್ ದಿನ ನಿಮ್ಮ ಮನೆಗಳಲ್ಲಿ ಬೆಂಕಿ ಹೊತ್ತಿಸಬಾರದು ಎನ್ನುತ್ತದೆ ಬೈಬಲ್ಲಿನ ವಿಮೋಚನಕಾಂಡ (35:3). ಮುಂಚಿತವಾಗಿ ಹೊತ್ತಿಸಿಟ್ಟದ್ದು ಉರಿಯುತ್ತಿರಬಹುದು ಎಂಬುದು ರಬ್ಬಿಗಳ ಅರ್ಥ. 8ನೆಯ ಶತಮಾನದ ಅನಾನ್ ಬೆನ್ ದಾವಿದ್ ಮತ್ತು ಅವನ ನಂತರ ಬೆಳೆದ ಕರಾಯಿತರು ರಬ್ಬಿಗಳ ಮೌಖಿಕ ಪರಂಪರೆಯನ್ನೇ ತಳ್ಳಿಹಾಕಿ, ಬೆಂಕಿ ಇರಲೇಬಾರದು ಎಂದು ಶುಕ್ರವಾರದ ರಾತ್ರಿಯನ್ನು ಕತ್ತಲಲ್ಲಿ ಕಳೆದರು. ದೀಪ ಹಚ್ಚುವ ಪದ್ಧತಿ ಟಾಲ್ಮುಡ್‌ಗೂ ಹಳೆಯದು, ಆದರೆ ಅದಕ್ಕೆ ಹೇಳುವ ಸ್ತುತಿ ಟಾಲ್ಮುಡ್‌ನಲ್ಲಿ ಇಲ್ಲ. 9ನೆಯ ಶತಮಾನದ ರಾವ್ ಅಮ್ರಾಮ್ ಗಾಓನರ ಪ್ರಾರ್ಥನಾಕ್ರಮದಲ್ಲಿ ಅದು ಕಾಣುತ್ತದೆ. ಕರಾಯಿತರಿಗೆ ಉತ್ತರವಾಗಿಯೇ ಅದು ಬಂತೆಂದು ಅನೇಕ ಇತಿಹಾಸಕಾರರು ಹೇಳುತ್ತಾರೆ. ‘ಸಬ್ಬತ್ತಿನ ದೀಪ ಹಚ್ಚಬೇಕೆಂದು ನಮಗೆ ಆಜ್ಞಾಪಿಸಿದವನೇ’ ಎಂಬ ಅದರ ಮಾತನ್ನು ಗಮನಿಸಿ. ತೋರಾ ಎನಿಸಿದ ಮೋಶೆಯ ಐದು ಗ್ರಂಥಗಳಲ್ಲಿ ಎಲ್ಲಿಯೂ ಆ ಆಜ್ಞೆ ಇಲ್ಲ. ಹಿರಿಯರು ವಿಧಿಸಿದ್ದೂ ದೇವರ ಆಜ್ಞೆಯೇ ಎಂಬುದು ರಬ್ಬಿಗಳ ನಿಲುವು. ಜಗಳವೂ ಅದರ ಮೇಲೆಯೇ. ಅದನ್ನು ಅವರು ಗ್ರಂಥ ಬರೆದು ಮಾತ್ರ ಸಾಧಿಸಲಿಲ್ಲ, ಮನೆಮನೆಯ ಹೆಂಗಸರ ಬಾಯಲ್ಲಿ ಇಟ್ಟರು.

ಅಡುಗೆಮನೆಗೂ ಈ ವಾದ ಹೋಯಿತು. ಶುಕ್ರವಾರ ಸಂಜೆಯೇ ಕೆಂಡದ ಮೇಲಿಟ್ಟು ಮುಚ್ಚಿದ ಪಾತ್ರೆಯಿಂದ ಶನಿವಾರ ಬಿಸಿಬಿಸಿ ಉಣ್ಣದವನ ನಂಬಿಕೆಯನ್ನು ಶಂಕಿಸಬೇಕು ಎಂದವರು 12ನೆಯ ಶತಮಾನದ ರಬ್ಬಿ ಜೆರಹ್ಯಾ ಹಲೇವಿ.

ಎಲ್ಲ ಉತ್ತರಗಳೂ ಇಷ್ಟು ಹಿತವಾದವಲ್ಲ. ‘ಹದಿನೆಂಟು’ ಎಂದೇ ಹೆಸರಾದ ಪ್ರಾರ್ಥನೆಯಲ್ಲಿ ಎಣಿಸಿದರೆ ಹತ್ತೊಂಬತ್ತು ಸ್ತುತಿಗಳಿವೆ. ಟಾಲ್ಮುಡ್ ಹೇಳುವಂತೆ, ಪಂಥಭ್ರಷ್ಟರ ವಿರುದ್ಧದ ಒಂದನ್ನು ಯಾವ್ನೆ ಎಂಬ ಊರಿನಲ್ಲಿ ರಬ್ಬಿಗಳು ಸೇರಿಸಿದರು. ಪ್ರಾರ್ಥನೆಯಲ್ಲಿ ಶಾಪ ಕಂಡಾಗ ನನಗೆ ಸಂಕಟವಾಗುತ್ತದೆ, ಅದು ಯಾರದ್ದಾದರೂ ಸರಿ. ಹೊರಗಿನಿಂದಲೂ ಕತ್ತರಿ ಬಿದ್ದಿದೆ: ‘ಅಲೇನು’ ಎಂಬ ಸ್ತುತಿಯ ಒಂದು ಸಾಲು ಕ್ರೈಸ್ತರನ್ನು ಹೀಯಾಳಿಸುತ್ತದೆಂದು ಪ್ರಶ್ಯದ ಅರಸ 1703ರಲ್ಲಿ ಅದನ್ನು ನಿಷೇಧಿಸಿದ. ಅಲ್ಲಿ ಮಾತ್ರ ಹೆದರಿಕೆಗೆ ಕಾರಣವಿತ್ತು.

ದಶಾಜ್ಞೆಗಳ ವಿಷಯ ಹಾಗಲ್ಲ. ಹತ್ತನ್ನು ಮಾತ್ರ ಎತ್ತರದಲ್ಲಿಟ್ಟರೆ ಉಳಿದದ್ದು ಹಗುರವಾಗುತ್ತದೆ ಎಂಬ ಕಾಳಜಿ ಅಲ್ಲಿತ್ತು. ಸಿನಗಾಗ್‌ಗಳಲ್ಲಿ ವರ್ಷಕ್ಕೆ ಮೂರು ಬಾರಿ ತೋರಾ ಪಠಣದಲ್ಲಿ ಅವುಗಳ ಸರದಿ ಬರುತ್ತದೆ. ಆಗ ಜನ ಎದ್ದು ನಿಲ್ಲಬೇಕೆ ಎಂದು ಕೇಳಿದವರಿಗೆ ಹೆಸರಾಂತ ಯಹೂದಿ ವಿದ್ವಾಂಸ ಮೈಮೊನಿಡೀಸ್ 12ನೆಯ ಶತಮಾನದಲ್ಲಿ ಬೇಡ ಎಂದರು, ಕಾರಣ ಮತ್ತದೇ. ಆದರೂ ಅನೇಕ ಸಮುದಾಯಗಳಲ್ಲಿ ನಿಲ್ಲುವುದೇ ರೂಢಿ. ಮುಂಬೈಯಲ್ಲಿ ಈಗಲೂ ಪ್ರಾರ್ಥನೆ ನಡೆಯುವ ಸಿನಗಾಗ್‌ಗಳಿವೆ. ಮೊದಲೇ ಅನುಮತಿ ಪಡೆದು, ದಶಾಜ್ಞೆಗಳನ್ನು ಓದುವ ಶಾವುಓತ್ ಹಬ್ಬದ ಬೆಳಿಗ್ಗೆ ಹೋಗಿ, ಹಿಂದಿನ ಸಾಲಿನಲ್ಲಿ ಕುಳಿತು, ಆ ಭಾಗ ಬಂದಾಗ ಯಾರು ಏಳುತ್ತಾರೆ, ಯಾರು ಕುಳಿತೇ ಇರುತ್ತಾರೆ ನೋಡಿ. ಕಂಡದ್ದನ್ನು ನನಗೆ ಬರೆದು ತಿಳಿಸಿ.