ಅಂಗಡಿಗೆ ಬಂದವರು ಬಾಗಿಲಿನಿಂದ ಹಿಂದಿರುಗಲಿಲ್ಲ, ಗಲ್ಲಾದ ಬಳಿಯಿಂದ ಹಿಂದಿರುಗಿದರು

ಪ್ರಶ್ನೆ: ಶಿರಸಿಯ ಹತ್ತಿರದ ಹಳ್ಳಿಯಿಂದ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳವನ್ನು ನಮ್ಮದೇ ಜಾಲತಾಣದಲ್ಲಿ ಮಾರುತ್ತಿದ್ದೇವೆ. ಬೆಂಗಳೂರಿನ ನೆಂಟರ ಗುಂಪೂ ಸೇರಿ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಅದರ ಕೊಂಡಿ ಹಂಚುತ್ತೇವೆ. ಕಳೆದ ತಿಂಗಳು 4,200 ಜನ ಬಂದು ಹೋಗಿದ್ದಾರೆ ಎಂದು ಗೂಗಲ್ ಅನಲಿಟಿಕ್ಸ್ ತೋರಿಸುತ್ತದೆ. ಆರ್ಡರ್ ಮಾತ್ರ 26. ಜಾಹೀರಾತಿಗೆ 12,000 ರೂಪಾಯಿ ಹೋಗಿದೆ. ಅದನ್ನು ನೋಡಿಕೊಳ್ಳುವ ಹುಡುಗ ಈ ತಿಂಗಳು ದುಪ್ಪಟ್ಟು ಹಾಕಿ ಎನ್ನುತ್ತಾನೆ. ಹಾಕಬಹುದೆ? ವರದಿಯ ಚಿತ್ರ ಕಳುಹಿಸಿದ್ದೇನೆ.

ಉತ್ತರ: ಹಾಕಬೇಡಿ. 12,000ವನ್ನು 26ರಿಂದ ಭಾಗಿಸಿ ನೋಡಿ. 220 ರೂಪಾಯಿಯ ಬಾಟಲಿ ಮಾರಲು ಒಂದೊಂದು ಆರ್ಡರಿಗೆ ಸುಮಾರು 460 ರೂಪಾಯಿ ತೆತ್ತಿದ್ದೀರಿ. ದುಪ್ಪಟ್ಟು ಸುರಿದರೆ ನಷ್ಟವೂ ದುಪ್ಪಟ್ಟಾಗುತ್ತದೆ.

ನೀವು ಕಳುಹಿಸಿದ ಚಿತ್ರದಲ್ಲಿ 4,200 ಎಂಬ ದೊಡ್ಡ ಅಂಕಿಯ ಕೆಳಗೆ ಇನ್ನೂ ನಾಲ್ಕು ಸಂಖ್ಯೆಗಳಿವೆ. ಉತ್ಪನ್ನದ ಪುಟ ತೆರೆದವರು 1,300. ಕಾರ್ಟ್‌ಗೆ ಹಾಕಿದವರು 210. ವಿಳಾಸ ಬರೆಯುವ ಪುಟಕ್ಕೆ ಬಂದವರು 160. ಹಣ ಕೊಟ್ಟವರು 26. ಬಾಟಲಿಯನ್ನು ನೋಡಿದ ನೂರರಲ್ಲಿ ಹದಿನಾರು ಮಂದಿ ಅದನ್ನು ಕಾರ್ಟ್‌ಗೆ ಹಾಕಿದ್ದಾರೆ ಎಂದರೆ ನಿಮ್ಮ ಚಿತ್ರಗಳಲ್ಲಿ, ಬರವಣಿಗೆಯಲ್ಲಿ, ಬೆಲೆಯಲ್ಲಿ ದೋಷವಿಲ್ಲ. ಅಪ್ಪೆಮಿಡಿ ತನ್ನ ಕೆಲಸ ಮಾಡಿದೆ. ಕೊಳ್ಳಬೇಕೆಂದೇ ವಿಳಾಸದ ಪುಟದವರೆಗೆ ಬಂದ 160 ಮಂದಿಯಲ್ಲಿ 134 ಜನ ಗಲ್ಲಾದ ಎದುರಿನಿಂದ ಹಿಂದಿರುಗಿದ್ದಾರೆ. ಅವರಲ್ಲಿ ಅರ್ಧದಷ್ಟು ಜನ ಕೊಂಡರೂ ಜಾಹೀರಾತಿಗೆ ಹೊಸದಾಗಿ ಒಂದು ರೂಪಾಯಿ ಹಾಕದೆ ಆರ್ಡರ್ 90 ದಾಟುತ್ತದೆ.

ಆದರೆ ಮೊದಲು ಆ 26 ನಿಜವೇ ಎಂದು ನೋಡಿ. ಯುಪಿಐ ಮೂಲಕ ಹಣ ಕೊಡುವಾಗ ಗಿರಾಕಿ ನಿಮ್ಮ ಪುಟ ಬಿಟ್ಟು ಬೇರೆ ಆ್ಯಪ್‌ಗೆ ಹೋಗುತ್ತಾರೆ. ಹಣ ಕಟ್ಟಿದ ಮೇಲೆ ಹಲವರು ಅಲ್ಲಿಂದಲೇ ಫೋನ್ ಮುಚ್ಚಿಡುತ್ತಾರೆ. 'ಧನ್ಯವಾದ' ಪುಟ ತೆರೆದುಕೊಳ್ಳುವುದೇ ಇಲ್ಲ, ಅನಲಿಟಿಕ್ಸ್ ಆ ಮಾರಾಟವನ್ನು ಎಣಿಸುವುದೂ ಇಲ್ಲ. ಪೇಮೆಂಟ್ ಕಂಪನಿಯ ಖಾತೆಯಲ್ಲಿ ಎಷ್ಟು ಪಾವತಿಗಳಿವೆ ಎಂದು ತಾಳೆ ಹಾಕಿ. ಇನ್ನೊಂದು ತಮಾಷೆಯೂ ಇದೆ. ಹಣ ಕಟ್ಟಿ ಮರಳಿ ಬಂದವರನ್ನು ಪೇಮೆಂಟ್ ಕಂಪನಿಯ ತಾಣವೇ ಕಳುಹಿಸಿದೆ ಎಂದು ವರದಿ ಬರೆದುಕೊಳ್ಳುತ್ತದೆ. ಗಿರಾಕಿಯನ್ನು ನಿಜವಾಗಿ ಕರೆತಂದ ಇನ್‌ಸ್ಟಾಗ್ರಾಂ ಪೋಸ್ಟಿಗೆ ಸಲ್ಲಬೇಕಾದ ಶ್ರೇಯ ತಪ್ಪಿಹೋಗುತ್ತದೆ. ಅನಲಿಟಿಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ 'ಅನ್‌ವಾಂಟೆಡ್ ರೆಫರಲ್ಸ್' ಪಟ್ಟಿಗೆ ಆ ತಾಣದ ಹೆಸರು ಸೇರಿಸಿದರೆ ಇದು ಸರಿಹೋಗುತ್ತದೆ. ಮನೆಯವರ ಭೇಟಿಗಳನ್ನೂ ಲೆಕ್ಕದಿಂದ ಹೊರಗಿಡಿ. ಸಣ್ಣ ಅಂಗಡಿಗಳ ವರದಿ ನೋಡುವಾಗ ದಿನಕ್ಕೆ ಇಪ್ಪತ್ತು ಸಲ ಬಂದು ಹೋಗುವ ಅತಿ ನಿಷ್ಠಾವಂತ ಗಿರಾಕಿಯೊಬ್ಬರು ನನಗೆ ಸಿಗುತ್ತಲೇ ಇರುತ್ತಾರೆ. ಬಹುತೇಕ ಸಲ ಅವರು ಅಂಗಡಿಯ ಮಾಲೀಕರೇ.

ಇನ್ನು, ಆ 134 ಜನ ಏಕೆ ಹೋದರು? ಜನ ಎಲ್ಲಿ ಬಿಟ್ಟುಹೋದರು ಎಂಬುದಷ್ಟೇ ಅನಲಿಟಿಕ್ಸ್‌ಗೆ ಗೊತ್ತು. ಏಕೆ ಎಂಬುದನ್ನು ನಾವೇ ಹೋಗಿ ನೋಡಬೇಕು. ಹಾಗಾಗಿ ವೈಫೈ ಆರಿಸಿ, ಹಳೆಯದೊಂದು ಮೊಬೈಲ್ ಹಿಡಿದು ನಿಮ್ಮ ಅಂಗಡಿಯಲ್ಲಿ 250 ಗ್ರಾಂನ ಒಂದು ಬಾಟಲಿ ಕೊಳ್ಳಲು ನಾನೇ ಹೊರಟೆ. ಕಾರ್ಟ್‌ನಿಂದ ಮುಂದಕ್ಕೆ ಹೋದ ಕೂಡಲೇ ಖಾತೆ ತೆರೆಯಬೇಕು, ಪಾಸ್‌ವರ್ಡ್ ಕೊಡಬೇಕು ಎಂದಿತು. ಒಂದು ಬಾಟಲಿ ಉಪ್ಪಿನಕಾಯಿಗೆ ಪಾಸ್‌ವರ್ಡ್! ಆಮೇಲೆ ಲ್ಯಾಂಡ್‌ಮಾರ್ಕ್ ಬರೆಯದೆ ಮುಂದೆ ಬಿಡುವುದಿಲ್ಲ ಎಂದು ಹಠ ಹಿಡಿಯಿತು. ಕೊನೆಗೆ ಪಿನ್‌ಕೋಡ್ ಹಾಕಿದೆ. 220 ಇದ್ದ ಮೊತ್ತ 330 ಆಯಿತು. ಕೊರಿಯರ್ ವೆಚ್ಚ 110 ರೂಪಾಯಿ ಎಂಬ ಸಂಗತಿ ನನಗೆ ತಿಳಿದದ್ದು ಆಗಲೇ. ನಾನೂ ಅಲ್ಲಿಯೇ ನಿಂತುಬಿಟ್ಟೆ, ಕ್ಷಮಿಸಿ.

ಕೊರಿಯರ್ ವೆಚ್ಚವನ್ನು ಮುಚ್ಚಿಡಬೇಡಿ, ಬಾಟಲಿಯ ಬೆಲೆಯ ಪಕ್ಕದಲ್ಲೇ ಬರೆಯಿರಿ. ಕೊರಿಯರ್‌ನವರು ಸಾಮಾನ್ಯವಾಗಿ ಅರ್ಧ ಕಿಲೋದ ಲೆಕ್ಕದಲ್ಲಿ ದರ ಕಟ್ಟುತ್ತಾರೆ. ಗಾಜಿನ ಬಾಟಲಿ, ರಟ್ಟು, ಗುಳ್ಳೆ ಹಾಳೆ ಸೇರಿದರೆ ಕಾಲು ಕಿಲೋದ ಉಪ್ಪಿನಕಾಯಿಯೂ ಅರ್ಧ ಕಿಲೋ ದಾಟಿಬಿಡುವುದುಂಟು. ಆಗ ಒಂದು ಕಿಲೋದ ದರವನ್ನೇ ಕಟ್ಟಬೇಕು. ಹಾಗಾಗಿ ಬಿಡಿ ಬಾಟಲಿಯನ್ನು ಮುಂದೆ ಮಾಡುವ ಬದಲು ಎರಡು ಬಾಟಲಿ ಮತ್ತು ಒಂದು ಕಟ್ಟು ಹಪ್ಪಳದ ಜೋಡಿಯನ್ನು ಮುಂದಿಡಿ, ಸಾಗಣೆ ಖರ್ಚನ್ನು ಅದರ ಬೆಲೆಯೊಳಗೇ ಸೇರಿಸಿ. ಖಾತೆ ತೆರೆಯುವುದು ಇಷ್ಟವಿದ್ದವರಿಗೆ ಮಾತ್ರ ಇರಲಿ.

ಮೂರನ್ನೂ ಒಂದೇ ದಿನ ಬದಲಿಸಿದರೆ ಯಾವುದು ಫಲಿಸಿತು ಎಂದು ತಿಳಿಯುವುದಿಲ್ಲ ಎಂದು ಪುಸ್ತಕಗಳು ಹೇಳುತ್ತವೆ. ತಿಂಗಳಿಗೆ 26 ಆರ್ಡರಿನ ಅಂಗಡಿಗೆ ಆ ಶಾಸ್ತ್ರ ಬೇಡ, ಎಲ್ಲವನ್ನೂ ಬದಲಿಸಿಬಿಡಿ. ಆದರೆ ಮುಂದಿನ ತಿಂಗಳು 26 ಹೋಗಿ 31 ಆದರೆ ಹಿಗ್ಗಬೇಡಿ, ಇಷ್ಟು ಸಣ್ಣ ಸಂಖ್ಯೆಗಳು ಸುಮ್ಮನೆಯೂ ಏರಿಳಿಯುತ್ತವೆ. ನೋಡಬೇಕಾದದ್ದು ವಿಳಾಸದ ಪುಟಕ್ಕೆ ಬಂದವರಲ್ಲಿ ನೂರಕ್ಕೆ ಎಷ್ಟು ಜನ ಹಣ ಕೊಟ್ಟರು ಎಂಬುದನ್ನು. ಈಗ ಅದು 16.

ವಾಟ್ಸ್ಆ್ಯಪ್ ಗುಂಪುಗಳಲ್ಲಿ ಕೊಂಡಿ ಹಂಚುತ್ತೀರಿ ಎಂದೂ ಬರೆದಿದ್ದೀರಿ. ಅಲ್ಲಿಂದ ಬಂದವರು ಹೆಚ್ಚಾಗಿ 'ಡೈರೆಕ್ಟ್' ಎಂಬ ಸಾಲಿಗೆ ಬೀಳುತ್ತಾರೆ, ನೇರವಾಗಿ ವಿಳಾಸ ಟೈಪ್ ಮಾಡಿ ಬಂದವರ ಹಾಗೆ. ಪ್ರತಿ ಗುಂಪಿನ ಕೊಂಡಿಗೂ ಯುಟಿಎಂ ಬಾಲ, ಅಂದರೆ ಗಿರಾಕಿ ಎಲ್ಲಿಂದ ಬಂದರು ಎಂದು ಅನಲಿಟಿಕ್ಸ್‌ಗೆ ತಿಳಿಸುವ ಗುರುತು, ಅಂಟಿಸಿ ಕಳುಹಿಸಿ. (ಗೂಗಲ್ 2005ರಲ್ಲಿ ಕೊಂಡ ಅರ್ಚಿನ್, ಇಂಗ್ಲಿಷಿನಲ್ಲಿ Urchin, ಎಂಬ ಕಂಪನಿಯ ಹೆಸರಿನ ಮೊದಲ ಅಕ್ಷರ 'ಯು' ಅದರಲ್ಲಿ ಇಂದಿಗೂ ಉಳಿದಿದೆ.) ಬೆಂಗಳೂರಿನ ನೆಂಟರ ಗುಂಪು ಜಾಹೀರಾತಿಗಿಂತ ಹೆಚ್ಚು ಬಾಟಲಿ ಮಾರಿದ್ದರೆ ನನಗೆ ಆಶ್ಚರ್ಯವಾಗುವುದಿಲ್ಲ.

ಪ್ರಶ್ನೆ: ಚನ್ನಪಟ್ಟಣದ ಆಟಿಕೆಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತೇನೆ. ಕಳೆದ ದಸರೆಯಲ್ಲಿ ಜನ ಯಾವ ಹಂತದಲ್ಲಿ ಬಿಟ್ಟುಹೋದರು ಎಂದು ನೋಡಲು ಹೋದರೆ ಅನಲಿಟಿಕ್ಸ್‌ನಲ್ಲಿ ಎರಡು ತಿಂಗಳ ಹಿಂದಿನದು ಏನೂ ಕಾಣುವುದಿಲ್ಲ. ಎಲ್ಲಿ ಹೋಯಿತು?

ಉತ್ತರ: ಅಳಿಸಿಹೋಗಿದೆ. ಒಬ್ಬೊಬ್ಬರ ಭೇಟಿಯ ಬಿಡಿ ದಾಖಲೆಗಳನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕು ಎಂಬ ಆಯ್ಕೆ ಆರಂಭದಲ್ಲಿ ಎರಡು ತಿಂಗಳಿಗೇ ಇರುತ್ತದೆ. 'ಡೇಟಾ ರಿಟೆನ್ಶನ್' ಎಂಬಲ್ಲಿ ಅದನ್ನು 14 ತಿಂಗಳಿಗೆ ಏರಿಸಿ, ಇವತ್ತೇ. ಹೋದದ್ದು ಮರಳುವುದಿಲ್ಲ, ಆದರೆ ಮುಂದಿನ ದಸರೆಗೆ ಈ ದಸರೆಯ ಲೆಕ್ಕ ಕೈಯಲ್ಲಿರುತ್ತದೆ. ಒಟ್ಟು ಭೇಟಿ, ಒಟ್ಟು ಮಾರಾಟದಂಥ ಸಾಮಾನ್ಯ ವರದಿಗಳಿಗೆ ಈ ಮಿತಿ ಇಲ್ಲ. ಕಳೆದ ದಸರೆಯ ಆ ಅಂಕಿಗಳು ನಿಮಗೆ ಈಗಲೂ ಸಿಗಬೇಕು.